ವಾರಕ್ಕೆರಡು ದಿನದ ಟೀಚರ್

ಬ್ಯಾಂಕಿನ ವರ್ಗಾವಣೆಯಲ್ಲಿ ನಾವು ತಿರುವನಂತಪುರಕ್ಕೆ ಬಂದಾಗ, ಮಗಳ ಶಾಲೆಗೆ ಅವರು ವಾರಕ್ಕೆರಡು ದಿನ ಬರುತ್ತಿದ್ದರು. ಹೆಚ್ಚಿನ ನೆರವು ಬೇಕಾದ ಮಕ್ಕಳಿಗೆಂದೇ ಇದ್ದ ಟೀಚರ್. ಉಳಿದ ದಿನ ವಿಳಿಂಜಂ ಕಡೆಯ ಶಾಲೆಗಳು. ತಂಪಾನೂರಿನಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಸೀರೆ ಬೆವರಿಗೆ ಬೆನ್ನಿಗಂಟಿರುತ್ತಿತ್ತು. ಮಗಳ ಬಗ್ಗೆ ಏನು ಕೇಳಿದರೂ, "ನೋಕ್ಕಾಂ ಚೇಚಿ, ನೋಡೋಣ ಅಕ್ಕಾ" ಎನ್ನುತ್ತಿದ್ದರು. ಸರಿಹೋಗುತ್ತಾಳೆ ಎಂದು ಒಮ್ಮೆಯೂ ಹೇಳಲಿಲ್ಲ.

ಎಂಟು ವರ್ಷದ ನನ್ನ ಮಗಳು ಕೂತಲ್ಲಿ ಕೂರುವವಳಲ್ಲ. ಪಾಠದ ನಡುವೆಯೇ ಎದ್ದು ಓಡುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆಸಿದರು.

"ಇವಳನ್ನ ಹಿಡಿಯೋಕೆ ನಮ್ಮಿಂದ ಆಗಲ್ಲ. ಬೇರೆ ಸ್ಕೂಲ್ ನೋಡ್ಕೊಳ್ಳಿ."

ಮಗಳನ್ನು ಕರೆದೊಯ್ಯಲು ನಾನೂ ಹೆಡ್‌ಮಿಸ್ಟ್ರೆಸ್ಸೂ ಆ ಟೀಚರ್ ಪಾಠ ಮಾಡುವ ಕೋಣೆಗೆ ಹೋದೆವು.

ಟೀಚರ್ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದರು. ಪಕ್ಕದಲ್ಲಿ ಮಗಳು ಕೈಕಟ್ಟಿಕೊಂಡು ಅಲುಗಾಡದೆ ಕೂತಿದ್ದಳು. ಹೆಡ್‌ಮಿಸ್ಟ್ರೆಸ್ ಏನೋ ಹೇಳಲು ಬಾಯಿ ತೆರೆದರು. ಮಗಳು ತುಟಿಗೆ ಬೆರಳಿಟ್ಟು ಮಲಯಾಳದಲ್ಲಿ ಪಿಸುಗುಟ್ಟಿದಳು:

"ಮೆಲ್ಲಗೆ. ಟೀಚರ್‌ಗೆ ಸುಸ್ತಾಗಿದೆ."

ಹೆಡ್‌ಮಿಸ್ಟ್ರೆಸ್ ಬಾಗಿಲ ಬಳಿಯ ಪುಟ್ಟ ಬೆಂಚಿನ ಮೇಲೆ ನಿಧಾನವಾಗಿ ಕೂತರು. ಅವರ ಪಕ್ಕ ನಾನೂ ಕೂತೆ. ಗಂಟೆ ಹೊಡೆಯುವವರೆಗೂ ಯಾರೂ ಏಳಲಿಲ್ಲ.