ನೀರು ಹಾಕಿದ ಬಣ್ಣ

ಹೇಳಬೇಕು, ಹೇಳಬೇಕು ಅಂದುಕೊಳ್ಳುತ್ತಲೇ ಈ ಮಾತನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಇವತ್ತು ಬೆಳಿಗ್ಗೆ ಬಾಯಲ್ಲಿ ಉಳಿದ ಒಂದೆರಡು ಹಲ್ಲಿಗೆ ಲವಂಗದ ಎಣ್ಣೆ ಹಚ್ಚಿಕೊಂಡೆ ನೋಡಿ, ಆ ಘಾಟಿನ ಜೊತೆಗೇ ಅದು ಮೇಲೆ ಬಂತು. ಇನ್ನು ನುಂಗಲಾರೆ.

ನಿಮಗೆ ನಗು ಬರಬಹುದು, ಒಂದು ಕಾಲಕ್ಕೆ ರಾಯಚೂರಿನ ನಮ್ಮ ಓಣಿಯಲ್ಲಿ ನನ್ನ ಹಲ್ಲಿಗೆ ಹೆಸರಿತ್ತು. ನಾನು ಹುಟ್ಟಿ ಬೆಳೆದದ್ದು ದೇವದುರ್ಗದ ಕಡೆ, ಕೃಷ್ಣೆಯ ನೀರು ಕುಡಿದು. ಹೊಳೆ ಕೊಟ್ಟ ಬಿಳುಪನ್ನು ನನ್ನ ಶಿಸ್ತಿನ ಫಲ ಎಂದುಕೊಂಡೆ. ಉಪ್ಪು, ಇದ್ದಿಲು, ಸಣ್ಣಗೆ ಕುಟ್ಟಿದ ಇಟ್ಟಂಗಿ ಪುಡಿ. ವಸಡಿನಲ್ಲಿ ರಕ್ತ ಕಂಡರೆ ಕೆಲಸ ಪೂರ್ತಿಯಾಯಿತು. ಎಸ್ಸೆಸ್ಸೆಲ್ಸಿ ಪಾಸಾಗಿ ಹತ್ತಿ ಗಿರಣಿಯಲ್ಲಿ ಗುಮಾಸ್ತನಾದ ಮೇಲಂತೂ ಕಂಡವರಿಗೆಲ್ಲ ಉಪದೇಶ. ಕಿರಾಣಿ ಅಂಗಡಿಯ ಚಾಚಾ ನನ್ನನ್ನು ಕಂಡ ಕೂಡಲೇ ಬಾಯಿ ಅಗಲಿಸಿ, "ಬರ್ರಿ ಹಲ್ಲಿನ ಫೌಜದಾರ್ ಸಾಬ್, ತಲಾಶಿ ಮಾಡ್ರಿ!" ಅನ್ನುತ್ತಿದ್ದ.

ಎಪ್ಪತ್ತರ ದಶಕದ ನಡುವೆ ತಮ್ಮನಿಗೆ ಹೆಣ್ಣು ನೋಡಲು ಮಾನ್ವಿ ಕಡೆಯ ಒಂದು ಹಳ್ಳಿಗೆ ಹೋದೆವು. ಹುಡುಗಿ ಚಹಾ ತಂದಳು. ತಮ್ಮ ತಡವರಿಸಿ ಏನೋ ಕೇಳಿದ. ಅವಳು ಫಕ್ಕನೆ ನಕ್ಕಳು. ಹಲ್ಲಿನ ತುಂಬ ಕಂದು ಗೆರೆ. ತುಂಬಿದ ಪಡಸಾಲೆಯಲ್ಲಿ ಅವಳ ಅಪ್ಪನನ್ನು ಕೇಳಿದೆ: "ಯಜಮಾನ್ರ, ನಿಮ್ಮ ಮನ್ಯಾಗ ಮುಂಜಾನೆದ್ದು ಹಲ್ಲು ತಿಕ್ಕೋ ರೂಢಿ ಇಲ್ಲೇನ್ರಿ?"

"ದಿನಾ ತಿಕ್ತಾಳ್ರಿ," ಅಂದ ಆತ, ನೆಲ ನೋಡುತ್ತ. "ನಮ್ಮೂರಾಗ ಎಲ್ಲಾರವೂ ಹಿಂಗ ಅದಾವ್ರಿ."

"ಹಂಗಾರ ಊರಿಗೂರೇ ಮೈಗಳ್ಳರನ್ರಿ!"

ನಕ್ಕವನು ನಾನೊಬ್ಬನೇ. ಹೊರಗೆ ಬಂದ ಮೇಲೆ ತಮ್ಮ ಅಂದ: "ನನಗ ಆಕಿ ನಗು ಹಿಡಿಸ್ಯಾದ. ಹಲ್ಲು ನೀ ಎಣಸ್ಕೊಂತ ಕೂಡು."

ಮದುವೆಯಾಯಿತು. ನಾನು ಮನೆಯೊಳಗೆ ಕಾಲಿಟ್ಟರೆ ಅವಳ ಸೆರಗು ಬಾಯಿಗೆ ಹೋಗುತ್ತಿತ್ತು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನೆದುರು ಸೆರಗು ಹೊದ್ದು ನಿಲ್ಲುವುದು ಮರ್ಯಾದೆ; ಭಾವನೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ. ಎಂಥ ಸಂಸ್ಕಾರವಂತೆ ಎಂದು ನಾಲ್ಕು ಮಂದಿಯ ಮುಂದೆ ಕೊಚ್ಚಿಕೊಂಡೆ.

ಕೆಲವು ವರ್ಷಕ್ಕೆ ಗಿರಣಿಯವರು ನನ್ನನ್ನು ಮಾನ್ವಿ ಕಡೆಗೇ ಹತ್ತಿ ಖರೀದಿಗೆ ಹಾಕಿದರು. ನನ್ನ ಮಗಳು ಆಗ ತೊಟ್ಟಿಲ ಕೂಸು. ಕುಡಿಯಲು ಬೋರಿನ ನೀರು. ಹಾಲುಹಲ್ಲು ಬಿದ್ದು ಹೊಸವು ಬಂದಾಗ ಅವುಗಳ ಮೇಲೆ ಮೊದಲು ಸುಣ್ಣದಂಥ ಚುಕ್ಕೆ, ಆಮೇಲೆ ಅದೇ ಕಂದು ಗೆರೆ. ಫೌಜದಾರನ ಮನೆಯಲ್ಲೇ ಕಳ್ಳತನ! ಕೈಯಾರೆ ತಿಕ್ಕಿದೆ. ಕೂಸು ಅತ್ತಿತು, ಗೆರೆ ಅಳಿಸಲಿಲ್ಲ.

ರಾಯಚೂರಿನ ಹಲ್ಲಿನ ಡಾಕ್ಟರು ನೋಡಿ, "ತಿಕ್ಕೋದು ಸಾಕು ಬಿಡ್ರಿ, ಇದು ಹೊಲಸಲ್ಲ," ಅಂದರು. "ಹಲ್ಲು ಮೂಡೋಕಿಂತ ಮೊದಲೇ ನೀರು ಹಾಕಿದ ಬಣ್ಣ. ಆ ನೀರಾಗ ಫ್ಲೋರೈಡ್ ಜಾಸ್ತಿ ಅದ. ಮೊದಲು ಹಲ್ಲಿನ್ಯಾಗ ಕಾಣಸ್ತದ; ಎಲುಬಿಗೆ ಇಳಿದ್ರ ಕೀಲು ಬಿಗಿತಾವ. ಈಗ್ಲೇ ನೀರು ಬದಲಿ ಮಾಡ್ರಿ. ನಿಮ್ಮ ವಸಡ್ಯಾಗ ರಕ್ತ ಬರ್ತದೇನು?"

"ದಿನಾ ಬರ್ತದ್ರಿ, ಇಟ್ಟಂಗಿ ಪುಡಿಲೆ ಗಟ್ಟಿ ತಿಕ್ತೀನಲ್ಲ," ಅಂದೆ ಹೆಮ್ಮೆಯಿಂದ.

"ಅದು ಸ್ವಚ್ಛ ಆದ ಗುರ್ತಲ್ರಿ ಮಾರಾಯ್ರ, ರೋಗದ ಗುರ್ತು! ಇಟ್ಟಂಗಿ ಮನಿ ಕಟ್ಟಾಕ ಇಟ್ಕೋರಿ. ಮೆತ್ತನ ಬ್ರಷ್ಷಿಲೆ ಹಗೂರಕ ತಿಕ್ಕರಿ."

ಅಲ್ಲಿಂದ ತಮ್ಮನ ಮನೆಗೆ ಹೋದೆವು. ಏನೋ ಮಾತಿಗೆ ಮಗಳು ನಕ್ಕಳು, ಲಂಗದ ಅಂಚಿನಿಂದ ಬಾಯಿ ಮುಚ್ಚಿಕೊಂಡು.

"ಯಾಕ ಮುಚ್ಕೊಂತಿ ಬೇ?"

"ನಮ್ಮ ಹಲ್ಲು ಕಂಡ್ರ ನಿನಗ ಸಿಟ್ಟು ಬರ್ತದಲ್ಲ. ಚಿಗವ್ವನೂ ನೀ ಬಂದಾಗಷ್ಟ ಮುಚ್ಕೊಂತಾಳ. ನೀ ಹೊರಗ ಹೋದ್ರ ಇಬ್ಬರೂ ಬಾಯಿ ತಗದು ನಗ್ತೀವಿ."

ಅವಳ ಚಿಗವ್ವ, ಅಂದರೆ ನನ್ನ ತಮ್ಮನ ಹೆಂಡತಿ, ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಡಾಕ್ಟರು ಹೇಳಿದ್ದನ್ನು ಅಲ್ಲೇ ಹೇಳಿ, 'ತಪ್ಪಾತವ್ವ' ಅಂದಿದ್ದರೆ ಮುಗಿಯುತ್ತಿತ್ತು. "ಬಸ್ಸಿಗೆ ಹೊತ್ತಾತು," ಅಂದು ಎದ್ದೆ.

ಮರುದಿನದಿಂದ ಮಗಳಿಗೆ ಕಾಲುವೆಯ ನೀರು ತಂದು, ಸೋಸಿ, ಕಾಸಿ ಕೊಟ್ಟೆವು. ಆಮೇಲೆ ಹುಟ್ಟಿದ ಮಗನ ಹಲ್ಲು ಚೆನ್ನಾಗಿಯೇ ಬಂದವು. ಊರಿಗೆಲ್ಲ ಬೋರಿನ ನೀರಿನ ವಿಷಯ ಸಾರಿದೆ. ತಮ್ಮನ ಹೆಂಡತಿಯೊಬ್ಬಳಿಗೆ ಹೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಅವಳಿಗೆ ಈಗ ಮೊಮ್ಮಕ್ಕಳು. ಮನೆ ಎರಡು ಓಣಿ ಆಚೆ. ಇವತ್ತಿಗೂ ನನ್ನ ಕೆಮ್ಮು ಕೇಳಿದರೆ ಒಳಗಿನ ನಗು ಪಕ್ಕನೆ ನಿಲ್ಲುತ್ತದೆ. ನಿಮ್ಮೆದುರು ಒಪ್ಪಿಕೊಳ್ಳುವುದು ಸುಲಭ, ನೀವು ನನ್ನಿಂದಾಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡವರಲ್ಲ. ಸಂಜೆ ಹೋಗುತ್ತೇನೆ. ಭಾವನ ಮರ್ಯಾದೆಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು, ಜೀವನದಲ್ಲಿ ಮೊದಲ ಸಲ ಅವಳ ಹೆಸರು ಹಿಡಿದು ಕರೆಯುತ್ತೇನೆ: ಅಂಬಮ್ಮಾ.