ಅವ್ವನ ಫೋಟೋದ ಕಣ್ಣು

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಕ್ಯಾಮೆರಾದ ಕಿಂಡಿಗೆ ಬಲಗಣ್ಣು ಕೊಟ್ಟು ಕೊಟ್ಟು ಹಾಗಾಗಿದೆ ಎನ್ನುತ್ತಿದ್ದರು. ರಾಮದುರ್ಗದಲ್ಲಿ ಅವರದೊಂದು ಸಣ್ಣ ಸ್ಟುಡಿಯೋ. ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಫೋಟೋದ ಕಾಕಾ.

ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮೂರಾದ ಸುರೇಬಾನದ ಹಿರಿಯರು ಹೆದರುತ್ತಿದ್ದರು. ಹೀಗಾಗಿ ಹೆಚ್ಚಿನವರ ಮೊದಲ ಫೋಟೋ ಸತ್ತ ದಿನದ್ದು: ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ ತೆಗೆದದ್ದು.

"ಜೀವಂತ ಇದ್ದಾಗ ನನ್ನ ಕಂಡ್ರ ಬಾಗಲಾ ಹಾಕೋತಾರ. ಸತ್ತಮ್ಯಾಲೆ ನಾ ಬರೂತನಾ ಕಾಯ್ತಾರ" ಎಂದು ಕಾಕಾ ನಗುತ್ತಿದ್ದರು. ಆಮೇಲೆ ಚಿತ್ರದಲ್ಲಿ ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದುಕೊಡುತ್ತಿದ್ದರು.

ಎಪ್ಪತ್ತರ ದಶಕದ ನಡುವೆ, ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ, ಅವ್ವ ತೀರಿಕೊಂಡಳು. ಅವಳ ಫೋಟೋ ಒಂದೂ ಇರಲಿಲ್ಲ. ಕಾಕಾ ಬಂದು ತೆಗೆದರು. ಹೊರಡುವಾಗ ಕೇಳಿದರು: "ಅವ್ವಾರ ಕಣ್ಣು ಯಾರಿಗೆ ಬಂದಾವ್ರಿ?" ಸೋದರತ್ತಿ ನನ್ನತ್ತ ಕೈ ಮಾಡಿದಳು.

ಮುಂದಿನ ವಾರ ಸ್ಟುಡಿಯೋದ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಿ, ನನ್ನ ಕಣ್ಣು ನೋಡುತ್ತ ಅವ್ವನಿಗೆ ಕಣ್ಣು ಬರೆದರು.

"ಇದು ಸುಳ್ಳಲ್ಲೇನ್ರಿ ಕಾಕಾ?" ಎಂದೆ.

"ಸುಳ್ಳಽ. ಮುಚ್ಚಿದ ಕಣ್ಣಿನ ಫೋಟೋನೂ ಒಂದು ಐತಿ. ಓದಿದವರು ನೀವು, ಖರೇದ್ದ ಒಯ್ಯತೀರೇನು?"

ಬೇಡವೆಂದು ತಲೆಯಾಡಿಸಿ ಕಣ್ಣೊರೆಸಿಕೊಂಡೆ.

"ಹಂಗಾರ ಅಳಬ್ಯಾಡ್ರಿ. ನಿಮ್ಮ ಕಣ್ಣು ತುಂಬಿದ್ರ ನನ್ನ ಗೆರಿ ತಪ್ಪತಾವ."

ಅಪ್ಪ ಫೋಟೋ ನೋಡಿ "ಅಕೀನಽ" ಎಂದು ಮುಖ ತಿರುಗಿಸಿದ. ಅಕ್ಕ ಮಾತ್ರ, ಅವ್ವನ ಬಲಗಣ್ಣಿನಲ್ಲಿ ಒಂದು ಬಿಳಿ ಚುಕ್ಕೆ ಇತ್ತು ಎಂದಳು. ನನಗದು ನೆನಪಿಲ್ಲ. ಅವ್ವನನ್ನು ನೆನೆದಾಗ ಬರುವವಳು ಫೋಟೋದವಳು. ನನ್ನದೇ ಕಣ್ಣುಗಳಿಂದ ನನ್ನನ್ನು ನೋಡುತ್ತಾಳೆ. ಕಾಕಾ ಅವಳನ್ನು ಉಳಿಸಿಕೊಟ್ಟರೋ ಅಳಿಸಿಬಿಟ್ಟರೋ, ಇಂದಿಗೂ ಹೇಳಲಾರೆ.

ಆ ದಶಕ ಮುಗಿಯುವ ಮೊದಲೇ ಕಾಕಾ ಹೋದರು. ಮಣ್ಣು ಮಾಡುವ ಹೊತ್ತಿಗೆ ನಾನು ಊರು ಮುಟ್ಟಲಿಲ್ಲ. ಆಮೇಲೆ ಅವರ ಮನೆಗೆ ಹೋದೆ. ಊರೂರಿನವರ ಫೋಟೋ ತೆಗೆದವರು ಬದುಕಿದ್ದಾಗ ತಮ್ಮದೊಂದು ತೆಗೆಸಿಕೊಂಡಿರಲಿಲ್ಲ. ಬೈಲಹೊಂಗಲದ ಫೋಟೋಗ್ರಾಫರ್ ಒಬ್ಬ ಬಂದು ತೆಗೆದ ಕಡೆಯ ಚಿತ್ರ ಗೋಡೆಯ ಮೇಲಿತ್ತು. ಎರಡೂ ಕಣ್ಣು ಮುಚ್ಚಿದ್ದವು.

"ಕಾಕು, ಕಣ್ಣು ಬರಸಬೇಕಿತ್ರಿ" ಎಂದು ಕಾಕಾ ಅವರ ಹೆಂಡತಿಗೆ ಹೇಳಿದೆ.

ಮಕ್ಕಳಿಲ್ಲದ ಕಾಕು ಚಹಾದ ಬಟ್ಟಲು ನನ್ನ ಮುಂದಿಟ್ಟರು. "ಯಾರ ಕಣ್ಣು ನೋಡಿ ಬರೀತಾರಪಾ?"

ಅರ್ಧ ಮುಚ್ಚಿದ ಆ ಕಣ್ಣಿಗೆ ಈಗ ನನ್ನ ನೆನಪೊಂದೇ ಆಧಾರ. ಈ ಬರಹದ ಮೊದಲಲ್ಲಿ ಎಡಗಣ್ಣು ಎಂದು ಬರೆದಿದ್ದೇನೆ. ಎಡಗಣ್ಣೇ ಇರಬೇಕು.