ದೂಜಣ್ಣ ಕಟ್ಟಿದ ವಾಲ್ವ್ ಆಂಪ್ಲಿಫೈಯರ್

ಆಂಟಾಪ್ ಹಿಲ್ಲಿನ ದೂಜ ಪೂಜಾರಿಯವರು ಸೋಲ್ಡರಿಂಗ್ ಐರನ್ ಕಾಯಿಸಿದ ಮೇಲೆಯೇ ಮುಂಬೈಯಲ್ಲಿ ಸೂರ್ಯ ಹುಟ್ಟುವುದು. ಒಮ್ಮೆ ಅವರು ಜ್ವರ ಬಂದು ಮಲಗಿದ್ದಾಗ ಮಧ್ಯಾಹ್ನ ಹನ್ನೆರಡರವರೆಗೂ ಲೋಕಲ್ ಗಾಡಿಗಳು ಲೈಟ್ ಹಾಕಿಕೊಂಡೇ ಓಡಿದವು. ಹೇಳಿದವರು ಸ್ವತಃ ದೂಜಣ್ಣನೇ ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ಇಂದೂ ನಲ್ಲಿಯಲ್ಲಿ ನೀರು ಬರುವ ಮೊದಲೇ ಅಡುಗೆಮನೆಯ ಮೂಲೆಯಲ್ಲಿ ಬೆಸುಗೆಯ ಹೊಗೆ ಏಳುತ್ತಿದೆ. ಹೋಟೆಲಿನವರು ಎಸೆದ ಅಲ್ಯೂಮಿನಿಯಂ ಟ್ರೇಯನ್ನು ಬೋರಲು ಹಾಕಿ, ತೂತು ಕೊರೆದು, ಹೆಬ್ಬೆರಳು ಗಾತ್ರದ, ಬಲ್ಬಿನಂಥ ಗಾಜಿನ ವಾಲ್ವ್‌ಗಳನ್ನು ನಿಲ್ಲಿಸಿದ್ದಾರೆ.

“ಚೋರ್ ಬಜಾರಿನ ಮಾಲು ಮಾರಾಯ್ರೆ. ಸತ್ತ ರೇಡಿಯೋದ ಹೊಟ್ಟೆಯಿಂದ ತೆಗ್ದದ್ದು. ಐದು ಸಾವಿರ ರೇಡಿಯೋ ಬಿಚ್ಚಿದ್ದೇನೆ!”

“ಐದು,” ಒಲೆಯ ಬಳಿಯಿಂದ ಹೆಂಡತಿ ಅಪ್ಪಿ ತಿದ್ದುತ್ತಾರೆ. “ಸಾವಿರ ಇವರು ಸೇರಿಸಿದ್ದು.”

ಕಾಪು ಕಡೆಯ ದೂಜಣ್ಣ ದಾದರಿನ ಹೋಟೆಲೊಂದರಲ್ಲಿ ಮೂವತ್ತನಾಲ್ಕು ವರ್ಷಗಳಿಂದ ದೋಸೆ ಹುಯ್ಯುತ್ತಿದ್ದಾರೆ. ದಿನಕ್ಕೆ ನಾನೂರು ದೋಸೆ. ಸಾಲಾಗಿ ಹಾಸಿದರೆ ಪನ್ವೇಲ್ ದಾಟಿ ಪುಣೆ ಮುಟ್ಟುತ್ತದೆ. ಅಲ್ಲಿ ಮಸಾಲೆದೋಸೆಗೆ ಬರುತ್ತಿದ್ದ ಟೆಲಿಫೋನ್ ಇಂಜಿನಿಯರ್, ಮೈಸೂರಿನ ಹಿರಿಯಣ್ಣನವರು ಇವರಿಗೆ ಗುರು.

ಅವರ ಮಾತು ಬಂದರೆ ದೂಜಣ್ಣನ ದನಿ ತಾನಾಗಿ ತಗ್ಗುತ್ತದೆ. “ಬಿಲ್ಲಿನ ಹಿಂದೆ ಸರ್ಕ್ಯೂಟ್ ಬರೆದು ಕಲಿಸಿದರು. ಎಂಟನೇ ಕ್ಲಾಸ್ ಫೇಲಾದವನನ್ನು ಎದುರು ಕೂರಿಸಿಕೊಂಡು ಕಲಿಸುವವರು ಯಾರುಂಟು?”

ಹಿರಿಯಣ್ಣನವರಿಗೆ ಈಗ ಎಂಬತ್ತನಾಲ್ಕು, ವಾಸ ಸಯನ್‌ನಲ್ಲಿ. ಒಂದು ಕಿವಿ ಹೋಗಿದೆ, ಇನ್ನೊಂದು ಹೊರಟಿದೆ. ಪೂರ್ತಿ ಹೋಗುವ ಮೊದಲು ಒಮ್ಮೆ ಹಳೇ ಕಾಲದ ವಾಲ್ವ್ ಸೆಟ್ಟಿನ ಧ್ವನಿ ಕೇಳಬೇಕೆಂಬುದು ಅವರ ಆಸೆ. ಈ ಆಂಪ್ಲಿಫೈಯರ್ ಅದಕ್ಕಾಗಿಯೇ. ಕಷ್ಟವಿದ್ದದ್ದು ಸ್ಪೀಕರಿಗೆ ಧ್ವನಿ ದಾಟಿಸುವ ಟ್ರಾನ್ಸ್‌ಫಾರ್ಮರಿನಲ್ಲಿ. ಕೂದಲೆಳೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು, ತುಂಡಾದರೆ ಮೊದಲಿನಿಂದ. ಒಂದೇ ಒಂದು ಪೀಸ್ ಸುತ್ತಿಕೊಡಲು ಲ್ಯಾಮಿಂಗ್ಟನ್ ರೋಡಿನ ರೇಡಿಯೋ ಅಂಗಡಿಗಳಲ್ಲಿ ಯಾರೂ ಒಪ್ಪಲಿಲ್ಲ.

“ನಾನೇ ಸುತ್ತಿದೆ,” ಎನ್ನುತ್ತಾರೆ ದೂಜಣ್ಣ. “ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ.”

ಭಾನುವಾರ ಟ್ಯಾಕ್ಸಿಯಲ್ಲಿ ಟ್ರೇಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಅಪ್ಪಿಯವರೊಂದಿಗೆ ಸಯನ್ ತಲುಪುತ್ತಾರೆ. ಅಲ್ಲಿಯ ಸ್ಪೀಕರು, ರೆಕಾರ್ಡ್ ಪ್ಲೇಯರಿಗೆ ಜೋಡಿಸಿ ಸ್ವಿಚ್ ಒತ್ತಿದಾಗ ವಾಲ್ವ್‌ಗಳು ಮೆಲ್ಲಗೆ ಕೆಂಪಾಗುತ್ತವೆ. ಗುಂಯ್ ಎನ್ನುವ ಸದ್ದಿಲ್ಲ. ವೀಣೆ ಶುರುವಾಗುತ್ತದೆ. ಹಿರಿಯಣ್ಣನವರು ಉಳಿದ ಕಿವಿಯನ್ನು ಸ್ಪೀಕರಿಗೆ ಒತ್ತಿ ಕೂರುತ್ತಾರೆ.

“ಉಗುರು ತಂತಿಗೆ ತಾಗೋದೂ ಕೇಳ್ತಿದೆ ಕಣಯ್ಯ!” ಮುದುಕರ ಕಣ್ಣು ತುಂಬಿದೆ. “ಟ್ರಾನ್ಸ್‌ಫಾರ್ಮರ್ ಯಾರು ಸುತ್ತಿದ್ದು?”

“ನಾನೇ ಸಾರ್.”

“ಪ್ರೈಮರಿ ಸುರುಳಿ ಎಷ್ಟು ಸುತ್ತು?”

“ಮೂರು ಚೆಂಡು ಸಾರ್.”

“ಚೆಂಡಾ? ಅದೆಂಥ ಲೆಕ್ಕ?”

“ಎಂಟುನೂರಕ್ಕೆ ಒಂದು ಚೆಂಡು. ನಮ್ಮ ಉಡುಪಿ ಕಡೆ ಮಲ್ಲಿಗೆ ಕಟ್ಟುವವರು ಹಾಗೆ ಲೆಕ್ಕ…” ದೂಜಣ್ಣ ನಾಲಿಗೆ ಕಚ್ಚಿಕೊಳ್ಳುತ್ತಾರೆ.

“ನೀನು ಮಲ್ಲಿಗೆ ಕಟ್ಟಿದ್ದು ಯಾವಾಗಯ್ಯ?”

ಅಪ್ಪಿಯವರು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಾರೆ. ದೂಜಣ್ಣ ಟ್ರೇ ನೋಡುತ್ತಾರೆ, ನೆಲ ನೋಡುತ್ತಾರೆ, ಕೊನೆಗೆ ಹೆಂಡತಿಯನ್ನು ನೋಡುತ್ತಾರೆ.

“ನಾನು ಸುತ್ತಿದ ಎರಡೂ ತುಂಡಾಯ್ತು ಸಾರ್. ಇದು ಇವಳು ಸುತ್ತಿದ್ದು. ಮದುವೆಗೆ ಮೊದಲು ಊರಲ್ಲಿ ಹೂ ಕಟ್ಟಿದ ಕೈ, ಒಂದು ಎಳೆ ತಪ್ಪಲಿಲ್ಲ. ನಾನು ತಂತಿಯ ಉರುಳೆ ಹಿಡ್ಕೊಂಡು ಕೂತದ್ದು ಮಾತ್ರ.” ಆಮೇಲೆ ಸೇರಿಸುತ್ತಾರೆ: “ಅದನ್ನೂ ಎರಡು ಸಲ ಕೆಳಗೆ ಹಾಕಿದೆ.”